ಕಲ್ಲುಗುಡ್ಡದಲ್ಲಿ ದ್ರಾಕ್ಷಿ ತೋಟ ಶುರು ಮಾಡುವವರಿಗೆ

ಜಾಗ ಕೈಗೆ ಬಂದ ಮೊದಲ ವರ್ಷ ಒಂದು ಬಳ್ಳಿಯನ್ನೂ ನೆಡಬೇಡಿ. ದ್ರಾಕ್ಷಿ ಹಾಕಬೇಕು ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಕೇಳಿದವರ ಮುಖ ಬಾಡುತ್ತದೆ. ಆದರೂ ಹೇಳುತ್ತೇನೆ.

ನಾನು ಮತ್ತು ನನ್ನ ತಮ್ಮ ಸೇರಿ ಹನ್ನೊಂದು ವರ್ಷದ ಹಿಂದೆ ಒಂದು ಗುಡ್ಡದ ಇಳಿಜಾರು ತೆಗೆದುಕೊಂಡೆವು. ಪೇಟೆಗೆ ಮೂರು ಗಂಟೆ ದಾರಿ. ಅದರಲ್ಲಿ ಕೊನೆಯ ಏಳು ಕಿಲೋಮೀಟರ್ ಬರೀ ಕಲ್ಲು ಮಣ್ಣು, ಮಳೆ ಬಂದರೆ ಜೀಪು ಕೂಡ ಏರುವುದಿಲ್ಲ. ಕರೆಂಟು ಇರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ. ಇವತ್ತು ಅಲ್ಲಿ 420 ಬಳ್ಳಿಗಳಿವೆ. ಇದನ್ನು ಸಣ್ಣ ತೋಟ ಅನ್ನುತ್ತಾರೆ. ಇಬ್ಬರು ಮನುಷ್ಯರು, ಒಂದು ಗಾಡಿ, ಕಡಿದಾದ ಜಾಗ ಅಂದಾಗ ಅದು ಸಣ್ಣದಲ್ಲ. ನಮ್ಮ ಕೈಗೆ ಎಟುಕುವಷ್ಟೇ ಇದೆ ಅನ್ನುವ ಕಾರಣಕ್ಕೇ ಅದು ಉಳಿದಿದೆ.

ಮೊದಲು ಹೊರೆಯ ಲೆಕ್ಕ

ಬಯಲಿನಲ್ಲಿ ತೋಟ ಮಾಡುವವರು ಎಕರೆ ಲೆಕ್ಕದಲ್ಲಿ ಯೋಚಿಸುತ್ತಾರೆ. ಗುಡ್ಡದಲ್ಲಿ ಕಿಲೋ ಲೆಕ್ಕದಲ್ಲಿ ಯೋಚಿಸಬೇಕು. ಗಾಡಿ ನಿಲ್ಲುವ ಜಾಗದಿಂದ ಬಳ್ಳಿಯ ಬುಡದವರೆಗೆ ಎಲ್ಲವೂ ಹೆಗಲ ಮೇಲೇ ಹೋಗಬೇಕು.

ನಾವು ಮಾಡಿದ ಲೆಕ್ಕ ಹೇಳುತ್ತೇನೆ. ಶುರುವಿಗೆ 200 ಬಳ್ಳಿ, ಬಳ್ಳಿಯಿಂದ ಬಳ್ಳಿಗೆ 1.2 ಮೀಟರ್, ಅಂದರೆ ಒಟ್ಟು 240 ಮೀಟರ್ ಸಾಲು. 24 ಮೀಟರ್‌ನ ಹತ್ತು ಸಾಲು ಮಾಡಿ ಆರು ಮೀಟರ್‌ಗೊಂದು ಕಂಬ ಇಟ್ಟರೆ 50 ಕಂಬ. ನಮ್ಮ ಕಂಬ ಒಂದೊಂದೂ ಸುಮಾರು 12 ಕಿಲೋ ತೂಗುತ್ತಿತ್ತು. ಅಲ್ಲಿಗೇ 600 ಕಿಲೋ ಆಯಿತು. ನಾಲ್ಕು ಎಳೆ ತಂತಿ ಎಳೆದರೆ 960 ಮೀಟರ್, 2.5 ಮಿಲಿಮೀಟರ್ ದಪ್ಪದ ತಂತಿಯಾದರೆ ಅದು 37 ಕಿಲೋ. ಬೇಲಿ, ಪೈಪು, ಗೊಬ್ಬರ ಇನ್ನೂ ಬೇರೆ.

ಇನ್ನು ಇಳಿಯುವ ಹೊರೆ. ಬಡ ಮಣ್ಣಿನಲ್ಲಿ ಬಳ್ಳಿಗೆ ಎರಡು ಕಿಲೋ ಹಣ್ಣು ಬಂದರೂ 400 ಕಿಲೋ. ಹದಿನೈದು ಕಿಲೋ ಹಿಡಿಯುವ ಕ್ರೇಟ್ ಅಂದರೆ 27 ಸಲ ಇಳಿದು ಹತ್ತಬೇಕು. ಹಣ್ಣು ಕಾಯುವುದಿಲ್ಲ, ಹಕ್ಕಿಗಳಂತೂ ಕಾಯುವುದೇ ಇಲ್ಲ. ಎಲ್ಲವೂ ಎರಡು ಮೂರು ದಿನದಲ್ಲಿ ಮುಗಿಯಬೇಕು. ಹಾಗಾಗಿ ಬಳ್ಳಿ ಕೊಳ್ಳುವ ಮುಂಚೆ 15 ಕಿಲೋ ಹೊತ್ತು ಆ ಇಳಿಜಾರನ್ನು ಹತ್ತು ಸಲ ಹತ್ತಿ ಇಳಿದು ನೋಡಿ. ಮಾರನೇ ದಿನ ಮಂಡಿ ಏನು ಹೇಳುತ್ತದೋ ಅದರ ಮೇಲೆ ಬಳ್ಳಿಗಳ ಸಂಖ್ಯೆ ತೀರ್ಮಾನ ಮಾಡಿ.

ಇಟಲಿಯ ಆವೋಸ್ತಾ ಕಣಿವೆಯಲ್ಲಿ ಸೆರ್ವಿಮ್ ಅನ್ನುವ ಸಂಸ್ಥೆಯೊಂದಿದೆ. ಇಳಿಜಾರು ಶೇಕಡಾ 30ಕ್ಕಿಂತ (ಅಂದರೆ ನೂರು ಮೀಟರ್ ಮುಂದೆ ಹೋದರೆ 30 ಮೀಟರ್ ಏರುವುದಕ್ಕಿಂತ) ಜಾಸ್ತಿ ಇರುವ, ಅಥವಾ 500 ಮೀಟರ್‌ಗಿಂತ ಎತ್ತರದಲ್ಲಿರುವ, ಅಥವಾ ಮೆಟ್ಟಿಲು ಕಟ್ಟಿ ಮಾಡಿದ ದ್ರಾಕ್ಷಿ ತೋಟಗಳನ್ನು ಅವರು ವೀರರ ಕೃಷಿ ಅಂತಲೇ ಕರೆಯುತ್ತಾರೆ. ಜರ್ಮನಿಯ ಮೊಸೆಲ್ ನದಿಯ ದಂಡೆಯಲ್ಲಿ ಬ್ರೆಮರ್ ಕಾಲ್ಮಾಂಟ್ ಎಂಬ ತೋಟ ಕೆಲವು ಕಡೆ 65 ಡಿಗ್ರಿಯಷ್ಟು ಕಡಿದಾಗಿದೆ. ಅಲ್ಲೆಲ್ಲ ಒಂದೇ ಹಳಿಯ ಮೇಲೆ ಓಡುವ ಪುಟ್ಟ ಗಾಡಿಯಲ್ಲಿ ಹಣ್ಣು ಇಳಿಸುತ್ತಾರೆ. ನಮ್ಮದು ಶೇಕಡಾ 35. ಹಳಿ ಇಲ್ಲ. ಹೆಗಲಿದೆ.

ಒಂದು ವರ್ಷ ಸುಮ್ನೆ ನೋಡುವುದು

ಆ ಒಂದು ವರ್ಷ ಏನು ಮಾಡಬೇಕು? ಮೂರು ಥರ್ಮಾಮೀಟರ್ ತನ್ನಿ, ದಿನದ ಕನಿಷ್ಠ ಗರಿಷ್ಠ ತೋರಿಸುವಂಥವು. ಒಂದನ್ನು ಇಳಿಜಾರಿನ ಮೇಲೆ, ಒಂದನ್ನು ನಡುವೆ, ಒಂದನ್ನು ತಳದಲ್ಲಿ ನೆರಳಿಗೆ ಕಟ್ಟಿ. ಬರೆದಿಡಿ. ತಣ್ಣನೆಯ ಗಾಳಿ ಭಾರ, ಅದು ರಾತ್ರಿ ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ಗುಡ್ಡದ ನಡುವೆ ಬಳ್ಳಿ ಚೆನ್ನಾಗಿ ಬದುಕಬಹುದು, ತಳದಲ್ಲಿ ಸುಟ್ಟುಹೋಗಬಹುದು. ವಸಂತದಲ್ಲಿ ಹೊಸದಾಗಿ ಬಂದ ಹಸಿರು ಚಿಗುರು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೇ ಸಾಯುತ್ತದೆ.

ಇದನ್ನು ಓದಿ ತಿಳಿದುಕೊಂಡಿದ್ದೆ. ಆದರೂ ತಳದ ಸಾಲಿನ ಕೆಳಗೆ ಕಲ್ಲಿನ ಗೋಡೆ ಕಟ್ಟಿದೆವು, ಎಲ್ಲೂ ಸಂದು ಬಿಡದೆ, ಚೆಂದವಾಗಿ. ಮಣ್ಣು ನಿಂತಿತು, ಅದರ ಜೊತೆಗೆ ತಣ್ಣನೆಯ ಗಾಳಿಯೂ ಅಣೆಕಟ್ಟಿನ ಹಿಂದಿನ ನೀರಿನ ಹಾಗೆ ನಿಂತಿತು. ಮೂರನೇ ವಸಂತದ ಒಂದು ರಾತ್ರಿ ಕೆಳಗಿನ ಎರಡು ಸಾಲಿನ ಚಿಗುರೆಲ್ಲ ಕಪ್ಪಾಯಿತು. ಬಳ್ಳಿ ಸಾಯಲಿಲ್ಲ. ಮುಖ್ಯ ಕಣ್ಣಿನ, ಅಂದರೆ ಚಿಗುರು ಹೊರಡುವ ಮೊಗ್ಗಿನ, ಪಕ್ಕದಲ್ಲಿ ಇನ್ನೊಂದು ಕಣ್ಣು ಇರುತ್ತದೆ, ಅದು ಚಿಗುರಿತು. ಆದರೆ ಗೊಂಚಲು ತೀರಾ ಕಮ್ಮಿ. ಆಮೇಲೆ ಗೋಡೆಯಲ್ಲಿ ಎರಡು ಕಡೆ ಒಂದೂವರೆ ಮೀಟರ್ ಅಗಲದ ಸಂದು ತೆರೆದೆವು. ಗಾಳಿ ಹರಿದುಹೋಗಲು ದಾರಿ ಸಿಕ್ಕಿತು. ನೀವು ಕಟ್ಟುವಾಗಲೇ ಬಿಟ್ಟುಬಿಡಿ.

ಬಿಸಿಲಿನ ದಿಕ್ಕೂ ನೋಡಿ. ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ತಂಪು ನಾಡಾದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಒಳ್ಳೆಯದು, ದಕ್ಷಿಣಕ್ಕಿದ್ದರೆ ಉತ್ತರದ ಇಳಿಜಾರು. ತುಂಬಾ ಬಿಸಿಯ ಜಾಗವಾದರೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ ವಾಸಿ. ಎಲೆಯ ಮೇಲಿನ ಇಬ್ಬನಿ ಬೇಗ ಆರುತ್ತದೆ, ಸಂಜೆಯ ಸುಡುಬಿಸಿಲೂ ತಪ್ಪುತ್ತದೆ.

ಗುಂಡಿ ತೋಡದೆ ಮಣ್ಣಿನ ಬಗ್ಗೆ ಮಾತಾಡಬೇಡಿ

ತೋಟದ ನಾಲ್ಕೈದು ಕಡೆ ಒಂದು ಮೀಟರ್ ಆಳದ ಗುಂಡಿ ತೋಡಿ. ನಮ್ಮಲ್ಲಿ ಎರಡನೇ ಗುಂಡಿಯಲ್ಲೇ ತಮ್ಮ ಹಾರೆ ಬಿಸಾಕಿ ಕೂತುಬಿಟ್ಟ. "ಅಕ್ಕಾ, ಇಲ್ಲಿ ಬರೀ ಕಲ್ಲು. ಬೇರು ಎಲ್ಲಿಗೆ ಹೋಗುತ್ತೆ?" ಅಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕಲ್ಲಿನಲ್ಲೇ ಇದೆ.

ಕಲ್ಲಿನಲ್ಲಿ ಎರಡು ಥರ. ಒಂದು ಪದರ ಪದರವಾಗಿ ಒಡೆದಿರುವ, ಬಿರುಕು ಬಿಟ್ಟಿರುವ ಕಲ್ಲು. ಹಾರೆಯ ತುದಿ ಬಿರುಕಿಗೆ ಸಿಕ್ಕಿಸಿ ಎಬ್ಬಿಸಿದರೆ ಚಕ್ಕೆ ಏಳುತ್ತದೆ. ದ್ರಾಕ್ಷಿಯ ಬೇರು ಅಂಥ ಬಿರುಕಿನೊಳಗೆ ನುಗ್ಗಿ ನೀರು ಹುಡುಕಿಕೊಳ್ಳುತ್ತದೆ. ಪೋರ್ಚುಗಲ್‌ನ ಡೋರೊ ಕಣಿವೆ, ಸ್ಪೇನಿನ ಪ್ರಿಯೊರಾತ್ ಬೆಟ್ಟಗಳು ಎಲ್ಲ ಇಂಥ ಪದರಗಲ್ಲಿನ ಮೇಲೇ ನಿಂತಿವೆ. ಇನ್ನೊಂದು ಒಂದೇ ಹಾಸಿನ ಬಂಡೆ. ಹಾರೆ ಹಾಕಿದರೆ ಠಣ್ ಅನ್ನುತ್ತದೆ, ಗೀರು ಕೂಡ ಬೀಳುವುದಿಲ್ಲ. ಅದರ ಮೇಲೆ ಒಂದಡಿ ಮಣ್ಣು ಮಾತ್ರ ಇದ್ದರೆ ಅಲ್ಲಿ ನೆಡಬೇಡಿ. ಆ ಜಾಗವನ್ನು ನೀರಿನ ಟ್ಯಾಂಕಿಗೆ ಇಟ್ಟುಕೊಳ್ಳಿ.

ಗುಂಡಿಗೆ ನೀರು ತುಂಬಿಸಿ ಬಿಡಿ. ಒಂದು ದಿನ ಕಳೆದರೂ ನೀರು ಹಾಗೇ ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ. ದ್ರಾಕ್ಷಿ ಬಡತನ ತಡೆದುಕೊಳ್ಳುತ್ತದೆ, ಒದ್ದೆ ಕಾಲು ತಡೆದುಕೊಳ್ಳುವುದಿಲ್ಲ. ಮಣ್ಣಿನ ಪರೀಕ್ಷೆಗೆ ಮೇಲಿನ ಮಣ್ಣು ಬೇರೆ, ಅರ್ಧ ಮೀಟರ್ ಕೆಳಗಿನ ಮಣ್ಣು ಬೇರೆ ಕೊಡಿ. ಪಿಎಚ್ 5.5ಕ್ಕಿಂತ ಕಮ್ಮಿ ಬಂದರೆ, ಅಂದರೆ ಮಣ್ಣು ತೀರಾ ಹುಳಿಯಾಗಿದ್ದರೆ, ನೆಡುವ ಮುಂಚೆಯೇ ಸುಣ್ಣ ಸೇರಿಸಬೇಕು, ಏಕೆಂದರೆ ಸುಣ್ಣ ತಾನಾಗಿ ಆಳಕ್ಕೆ ಇಳಿಯುವುದು ಬಹಳ ನಿಧಾನ. ಸುಣ್ಣಕಲ್ಲಿನ ಜಾಗವಾದರೆ ಸಮಸ್ಯೆ ತಿರುಗುಮುರುಗು: ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದಕ್ಕೆ ಪರಿಹಾರ ಇರುವುದು ಕಸಿಯ ಕೆಳಭಾಗದಲ್ಲಿ. ಆ ವಿಷಯಕ್ಕೆ ಬರುತ್ತೇನೆ.

ಮಟ್ಟ ಹಿಡಿಯುವುದು, ಗೋಡೆ ಕಟ್ಟುವುದು

ಈ ಕೆಲಸದ ಮೇಲೆ ನನಗೆ ವಿಪರೀತ ಪ್ರೀತಿ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಳಿಜಾರಿನಲ್ಲಿ ಸಾಲು ಸಮಮಟ್ಟದಲ್ಲಿ ಸಾಗಬೇಕು, ಇಲ್ಲವಾದರೆ ಮೊದಲ ಜೋರು ಮಳೆಗೇ ಮಣ್ಣು ಕೆಳಗೆ ಹೋಗುತ್ತದೆ. ಮಟ್ಟ ಹಿಡಿಯಲು ಯಂತ್ರ ಬೇಡ. ಎರಡು ಮೀಟರ್ ಉದ್ದದ ಎರಡು ನೇರ ಕೋಲು ತೆಗೆದುಕೊಂಡು ತುದಿಯಲ್ಲಿ ಸೇರಿಸಿ ಕಟ್ಟಿ. ಕಾಲುಗಳನ್ನು ಅಗಲಿಸಿ ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ಮೇಲಿನ ಗಂಟಿನಿಂದ ದಾರ ಇಳಿಬಿಟ್ಟು ತುದಿಗೆ ಕಲ್ಲು ಕಟ್ಟಿ. ಈಗ ಎರಡು ಕಾಲನ್ನೂ ನೆಲದ ಮೇಲೆ ಇಟ್ಟು, ದಾರ ಅಡ್ಡಪಟ್ಟಿಯನ್ನು ಮುಟ್ಟುವ ಕಡೆ ಗೆರೆ ಹಾಕಿ. ಕಾಲುಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಗೆರೆ ಹಾಕಿ. ಎರಡು ಗೆರೆಗಳ ಸರಿಯಾದ ನಡು ನಿಮ್ಮ ಮಟ್ಟ. ಒಂದು ಕಾಲು ಊರಿ, ಇನ್ನೊಂದನ್ನು ಮೇಲೆ ಕೆಳಗೆ ಆಡಿಸಿ, ದಾರ ನಡುವಿನ ಗೆರೆಗೆ ಬಂದಾಗ ಗೂಟ ಹೊಡೆಯಿರಿ. ಹೀಗೇ ಹೆಜ್ಜೆ ಹಾಕುತ್ತಾ ಹೋಗಿ. ನಾವಿಬ್ಬರೂ ಒಂದು ವಾರದಲ್ಲಿ ಇಡೀ ಇಳಿಜಾರಿಗೆ ಗೂಟ ಹೊಡೆದು ಮುಗಿಸಿದೆವು. ಸಂಜೆ ಕೆಳಗೆ ನಿಂತು ನೋಡಿದರೆ ಗುಡ್ಡದ ಮೈಮೇಲೆ ಯಾರೋ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆ ದಿನ ಇದು ತೋಟ ಆಗುತ್ತದೆ ಅನ್ನಿಸಿತು.

ಶೇಕಡಾ 35ರ ಇಳಿಜಾರಿನಲ್ಲಿ ಎರಡೂವರೆ ಮೀಟರ್ ಅಗಲದ ಮೆಟ್ಟಿಲು ಬೇಕು ಅಂದರೆ ಸುಮಾರು 90 ಸೆಂಟಿಮೀಟರ್ ಎತ್ತರದ ಗೋಡೆ ಬೇಕು. ಗಾರೆ ಬೇಡ. ಗುಂಡಿ ತೋಡುವಾಗ ಸಿಕ್ಕ ಕಲ್ಲೇ ಸಾಕು. ಕೆಳಗೆ ಗಟ್ಟಿ ನೆಲ ಸಿಗುವವರೆಗೆ ತೋಡಿ, ದೊಡ್ಡ ಕಲ್ಲುಗಳನ್ನು ಅಲ್ಲಿ ಕೂರಿಸಿ. ಪ್ರತಿ ಕಲ್ಲೂ ಕೆಳಗಿನ ಎರಡು ಕಲ್ಲುಗಳ ಮೇಲೆ ಕೂರಬೇಕು, ಸಂದಿನ ಮೇಲೆ ಸಂದು ಬರಬಾರದು. ಕಲ್ಲಿನ ಉದ್ದನೆಯ ಭಾಗ ಗುಡ್ಡದ ಒಳಗೆ ಹೋಗಲಿ. ಮೇಲೇರಿದ ಹಾಗೆ ಗೋಡೆ ಗುಡ್ಡದ ಕಡೆ ವಾಲಲಿ, ಒಂದು ಮೀಟರ್ ಎತ್ತರಕ್ಕೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಹಿಂದೆ ಮಣ್ಣು ತುಂಬುವ ಮುಂಚೆ ಜಲ್ಲಿಕಲ್ಲು ತುಂಬಿ. ಗಾರೆ ಇಲ್ಲದ ಗೋಡೆಯ ದೊಡ್ಡ ಗುಣವೇ ನೀರನ್ನು ಹೊರಗೆ ಬಿಡುವುದು. ನೀರು ಹಿಂದೆ ತುಂಬಿಕೊಂಡರೆ ಎಂಥ ಗೋಡೆಯೂ ಹೊಟ್ಟೆ ಬಿಡುತ್ತದೆ. ಗ್ರೀಸ್, ಇಟಲಿ, ಸ್ಪೇನ್, ಫ್ರಾನ್ಸ್ ಸೇರಿ ಎಂಟು ಯೂರೋಪಿನ ದೇಶಗಳ ಈ ವಿದ್ಯೆಯನ್ನು ಯುನೆಸ್ಕೋ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಬೇಕಾದ್ದೇ.

ನಾವಿಬ್ಬರು ದಿನಕ್ಕೆ ಕಟ್ಟುತ್ತಿದ್ದುದು ಎರಡು ಮೀಟರ್ ಉದ್ದ. ಒಳ್ಳೆಯ ದಿನ ಮೂರು. ಹಾಗಾಗಿ ಎಲ್ಲ ಮೆಟ್ಟಿಲನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದನ್ನು ಮುಗಿಸಿ, ಒಂದು ಮಳೆಗಾಲ ಅದು ಹೇಗೆ ನಿಲ್ಲುತ್ತದೆ ನೋಡಿ, ಆಮೇಲೆ ಮುಂದಿನದು.

ನೀರು

ಆಳಕ್ಕೆ ಬೇರು ಬಿಟ್ಟ ಬಳ್ಳಿ ಕಮ್ಮಿ ನೀರಿನಲ್ಲಿ ಬದುಕುತ್ತದೆ. ಆದರೆ ಮೊದಲ ಎರಡು ಬೇಸಿಗೆ ಅದು ಮಗು. ನಾವು ವಾರಕ್ಕೆ ಬಳ್ಳಿಗೆ 15 ಲೀಟರ್ ಕೊಟ್ಟೆವು. 200 ಬಳ್ಳಿಗೆ ಹನ್ನೆರಡು ವಾರಕ್ಕೆ 36,000 ಲೀಟರ್. ಎಲ್ಲಿಂದ ತರುವುದು? ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ತಗಡಿನ ಮಾಡಿನ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 50,000 ಲೀಟರ್, ಸೋರಿ ಹಾರಿ ಹೋಗಿ 40,000 ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ನಾವು ಮನೆಗಿಂತ ಮೊದಲು ಕಟ್ಟಿದ್ದು ಆ ಮಾಡು ಮತ್ತು ಅದರ ಕೆಳಗಿನ ಟ್ಯಾಂಕು. ಅದರ ಕೆಳಗೇ ಮಲಗುತ್ತಿದ್ದೆವು.

ಟ್ಯಾಂಕು ತೋಟಕ್ಕಿಂತ ಮೇಲಿರಲಿ. ಹತ್ತು ಮೀಟರ್ ಎತ್ತರ ಅಂದರೆ ಸುಮಾರು ಒಂದು ಬಾರ್ ಒತ್ತಡ, ಹನಿ ನೀರಾವರಿಗೆ ಪಂಪ್ ಬೇಡವೇ ಬೇಡ. ಆದರೆ ಕೆಳಗಿನ ಸಾಲಿಗೆ ಒತ್ತಡ ಜಾಸ್ತಿಯಾಗಿ ಅಲ್ಲಿನ ಬಳ್ಳಿಗಳೇ ನೀರೆಲ್ಲ ಕುಡಿಯುತ್ತವೆ. ಒತ್ತಡ ಎಷ್ಟಿದ್ದರೂ ಒಂದೇ ಸಮ ಹನಿ ಬಿಡುವ ಡ್ರಿಪ್ಪರ್ ಸಿಗುತ್ತದೆ, ಅದನ್ನೇ ಹಾಕಿ. ಟ್ಯಾಂಕಿನ ಬಾಯಿಗೆ ಫಿಲ್ಟರ್ ಮರೆಯಬೇಡಿ.

ಬಳ್ಳಿ ಆರಿಸುವುದು

1860ರ ದಶಕದಲ್ಲಿ ಅಮೆರಿಕದಿಂದ ಹೋದ ಫಿಲಾಕ್ಸೆರಾ ಅನ್ನುವ ಪುಟ್ಟ ಹೇನು ಯೂರೋಪಿನ ಬಳ್ಳಿಗಳ ಬೇರನ್ನು ತಿಂದು ಹಾಕಿತು. 1868ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಲಾಂಶೋ ಮತ್ತು ಜೊತೆಗಾರರು ಸತ್ತ ಬಳ್ಳಿಯನ್ನು ಬಿಟ್ಟು ಇನ್ನೂ ಬದುಕಿದ್ದ ಬಳ್ಳಿಯ ಬೇರು ಅಗೆದು ನೋಡಿ ಅದನ್ನು ಕಂಡುಹಿಡಿದರು. ಪರಿಹಾರವೂ ಅಮೆರಿಕದ್ದೇ: ಅಲ್ಲಿನ ಕಾಡುದ್ರಾಕ್ಷಿಯ ಬೇರಿನ ಮೇಲೆ ನಮಗೆ ಬೇಕಾದ ತಳಿಯ ಕಸಿ. ಇವತ್ತಿಗೂ ಬಹುಪಾಲು ಜಗತ್ತು ಹೀಗೇ ಮಾಡುತ್ತದೆ.

ಗುಡ್ಡದವರಿಗೆ ಇದರಲ್ಲಿ ಒಂದು ಲಾಭ ಇದೆ. ಆ ಕಾಡುದ್ರಾಕ್ಷಿಗಳಲ್ಲಿ ರುಪೆಸ್ಟ್ರಿಸ್ ಅನ್ನುವುದರ ಹೆಸರಿನ ಅರ್ಥವೇ ಬಂಡೆಯ ಮೇಲೆ ಬೆಳೆಯುವುದು ಅಂತ, ಬೇರು ಆಳಕ್ಕೆ ಇಳಿಯುತ್ತದೆ. ಬೆರ್ಲಾಂಡಿಯೇರಿ ಸುಣ್ಣ ತಡೆಯುತ್ತದೆ. ಇವೆರಡನ್ನು ಕೂಡಿಸಿ ಮಾಡಿದ 110 ರಿಕ್ಟರ್, 1103 ಪಾಲ್ಸನ್, 140 ರುಗ್ಗೇರಿ ಮೂರೂ ಒಣ ಕಲ್ಲುನೆಲಕ್ಕೆ ಹೇಳಿ ಮಾಡಿಸಿದ ಬೇರುಗಳು. ಸುಣ್ಣ ತೀರಾ ಜಾಸ್ತಿ ಇದ್ದರೆ 41ಬಿ ಕೇಳಿ. ರಿಪೇರಿಯಾ ಬೇರು ಮೇಲುಮೇಲೆ ಹರಡುತ್ತದೆ, ಒಣ ಗುಡ್ಡಕ್ಕೆ ಬೇಡ. ತಳಿಯ ಹೆಸರಿಗಿಂತ ಬೇರಿನ ಹೆಸರು ಮೊದಲು ಕೇಳಿ ಅನ್ನುತ್ತೇನೆ ನಾನು. ತಳಿಯನ್ನು ಬೇಕಾದರೆ ಹತ್ತು ವರ್ಷದ ಮೇಲೆ ಮರುಕಸಿ ಮಾಡಿ ಬದಲಾಯಿಸಬಹುದು. ಬೇರನ್ನು ಬದಲಾಯಿಸಲಾಗದು.

ಸಸಿ ಬಂದ ಕೂಡಲೇ ಕಸಿಗಂಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬಾಯಿ ಬಿಟ್ಟರೆ ಆ ಸಸಿ ವಾಪಸ್. ನಾವು ಒಂದು ನರ್ಸರಿಯಿಂದ ತಂದ ಸಸಿಗಳನ್ನು ಹೀಗೆ ನೋಡದೆ ಮೂರು ಗಂಟೆ ದಾರಿ ಹೊತ್ತು ತಂದು, ನೆಟ್ಟು, ನೀರೆರೆದು, ಬೇಸಿಗೆಯಲ್ಲಿ 31 ಸಸಿ ಕಳೆದುಕೊಂಡೆವು. ಪರೀಕ್ಷೆ ಮಾಡುವುದು ನರ್ಸರಿಯ ಬಾಗಿಲಲ್ಲೇ. ಇನ್ನು, ಯಾರದೋ ತೋಟದಿಂದ ಕಡ್ಡಿ ಮುರಿದು ತಂದು ನೆಡುವ ಆಸೆ ಬೇಡ. ವೈರಸ್ ರೋಗಗಳು ಕಡ್ಡಿಯ ಜೊತೆಗೇ ಬರುತ್ತವೆ, ಬಂದರೆ ಹೋಗುವುದಿಲ್ಲ.

ನೆಡುವಾಗ ಕಸಿಗಂಟು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಮಣ್ಣಿನೊಳಗೆ ಹೋದರೆ ಮೇಲಿನ ತಳಿಯೇ ಬೇರು ಬಿಟ್ಟು ಕಸಿಯ ಉದ್ದೇಶವೇ ಕೆಡುತ್ತದೆ.

ತಂತಿ ಬೇಕೇ ಬೇಕಾ?

ನಾವು ಮೊದಲ 200ಕ್ಕೆ ತಂತಿ ಎಳೆದೆವು. ಆಮೇಲಿನ 220ಕ್ಕೆ ಎಳೆಯಲಿಲ್ಲ. ಒಂದು ಗೂಟ, ಮಂಡಿ ಎತ್ತರದ ಗಟ್ಟಿ ಕಾಂಡ, ಅದರ ತಲೆಯಲ್ಲಿ ಬಟ್ಟಲಿನ ಹಾಗೆ ನಾಲ್ಕೈದು ತೋಳು, ಪ್ರತಿ ತೋಳಿಗೆ ಎರಡು ಕಣ್ಣು. ಅಷ್ಟೇ. ಕೆಲವು ವರ್ಷದ ಮೇಲೆ ಗೂಟವೂ ಬೇಡ. ಇದಕ್ಕೆ ಪೊದೆಬಳ್ಳಿ ಅನ್ನಬಹುದು. ಎಲ್ಲ ಕಡೆ ಎರಡು ಮೀಟರ್ ಅಂತರ ಕೊಟ್ಟರೆ ಪ್ರತಿ ಬಳ್ಳಿಗೂ ತನ್ನದೇ ಮಣ್ಣು, ತನ್ನದೇ ನೀರು.

ಗ್ರೀಸಿನ ಸಾಂತೊರಿನಿ ದ್ವೀಪದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಳ್ಳಿಯನ್ನು ನೆಲದ ಮೇಲೆ ಬುಟ್ಟಿಯ ಹಾಗೆ ಸುತ್ತುತ್ತಾರೆ, ಹಣ್ಣು ಬುಟ್ಟಿಯೊಳಗೆ ಗಾಳಿಗೆ ಸಿಗದೆ ಬೆಳೆಯುತ್ತದೆ. ಸ್ಪೇನಿನ ಲಾಂಜರೋಟೆ ದ್ವೀಪದಲ್ಲಿ ಜ್ವಾಲಾಮುಖಿಯ ಕಪ್ಪು ಬೂದಿಯಲ್ಲಿ ಗುಂಡಿ ತೋಡಿ, ಗಾಳಿ ಬರುವ ಕಡೆ ಅರ್ಧಚಂದ್ರದ ಗೋಡೆ ಕಟ್ಟಿ, ಗುಂಡಿಗೊಂದು ಬಳ್ಳಿ ಇಟ್ಟಿದ್ದಾರೆ. ನಿಮ್ಮದು ಗಾಳಿಯ ಗುಡ್ಡವಾದರೆ ಇವನ್ನು ಗಮನಿಸಿ. ತೇವ ಜಾಸ್ತಿ ಇರುವ ಜಾಗದಲ್ಲಿ ಮಾತ್ರ ಪೊದೆಬಳ್ಳಿ ಬೇಡ. ಎಲೆ ಒತ್ತಾಗಿ ರೋಗ ಕೂರುತ್ತದೆ, ಅಲ್ಲಿ ತಂತಿಯೇ ಸರಿ.

ನೆಟ್ಟ ಮೊದಲ ವರ್ಷ ಎರಡು ಕಣ್ಣು ಮಾತ್ರ ಉಳಿಸಿ ಕತ್ತರಿಸಿ ಬೆಳೆಯಲು ಬಿಡಿ. ಚಳಿಗಾಲದ ಕೊನೆಗೆ ಕಡ್ಡಿ ಪೆನ್ಸಿಲ್‌ನಷ್ಟು ದಪ್ಪ ಆಗಿಲ್ಲದಿದ್ದರೆ ಮತ್ತೆ ಎರಡು ಕಣ್ಣಿಗೇ ಕತ್ತರಿಸಿ. ಬೇಜಾರಾಗುತ್ತದೆ, ಗೊತ್ತು. ಬೇರು ಅದೇ ಹೊತ್ತಿಗೆ ಕೆಳಗೆ ಇಳಿಯುತ್ತಿರುತ್ತದೆ. ಮೊದಲ ಎರಡು ವರ್ಷ ಬಂದ ಗೊಂಚಲನ್ನೆಲ್ಲ ಕಿತ್ತುಬಿಡಿ. ಮೂರನೇ ವರ್ಷ ಬಳ್ಳಿಗೆ ಎರಡೋ ಮೂರೋ ಗೊಂಚಲು ಸಾಕು. ಹಿಮ ಬೀಳುವ ಜಾಗದಲ್ಲಿ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಆದಷ್ಟು ತಡಮಾಡಿ, ಚಿಗುರೂ ತಡವಾಗಿ ಬರುತ್ತದೆ. ಚಳಿಗಾಲವೇ ಇಲ್ಲದ ಬಿಸಿ ನಾಡಿನಲ್ಲಿ ಬಳ್ಳಿ ಪೂರ್ತಿ ನಿದ್ದೆ ಮಾಡುವುದಿಲ್ಲ, ಅಲ್ಲಿ ವರ್ಷಕ್ಕೆ ಎರಡು ಚಾಟ್ನಿಯ ಪದ್ಧತಿ ಬೇರೆಯೇ.

ರೋಗ, ಪ್ರಾಣಿ

ಚಿಗುರು 10 ಸೆಂಟಿಮೀಟರ್ ಆಗಿ, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆ ಬಿದ್ದು, ತಾಪಮಾನ 10 ಡಿಗ್ರಿಗಿಂತ ಮೇಲಿದ್ದರೆ ಬೂಜು ತುಪ್ಪಟ ರೋಗ ಬರುವ ಹೊತ್ತು ಅಂತ ತಿಳಿಯಿರಿ. ಮೂರು ಹತ್ತು ಅಂತ ನೆನಪಿಟ್ಟುಕೊಳ್ಳಿ. ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಎಳೆಯ ಚಿಗುರಿಗೆ ಇದರ ಅರ್ಧ ಸಾಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆಸ್ಪತ್ರೆ ಮೂರು ಗಂಟೆ ದೂರ ಇದ್ದಾಗ ಕಣ್ಣಿಗೆ ಹಾರಿದ ಒಂದು ಹನಿಯೂ ದೊಡ್ಡ ವಿಷಯ. ತಾಮ್ರ ಮಣ್ಣಿನಲ್ಲಿ ಉಳಿದು ಕೂಡುತ್ತಾ ಹೋಗುತ್ತದೆ, ಅಗತ್ಯಕ್ಕಿಂತ ಒಂದು ಸಲವೂ ಜಾಸ್ತಿ ಹೊಡೆಯಬೇಡಿ. ಬೂದಿ ರೋಗಕ್ಕೆ ಗಂಧಕ, ಆದರೆ 30 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೇಡ, ಎಲೆ ಸುಡುತ್ತದೆ.

ಬೇಲಿಯನ್ನು ಬಳ್ಳಿಗಿಂತ ಮೊದಲು ಹಾಕಿ. ಜಿಂಕೆಗೆ ಎರಡು ಮೀಟರ್‌ಗಿಂತ ಎತ್ತರ ಬೇಕು. ಹಂದಿಗೆ ಎತ್ತರ ಮುಖ್ಯವಲ್ಲ, ಬಲೆಯ ತಳವನ್ನು ಒಂದಡಿ ಹೊರಕ್ಕೆ ಮಡಚಿ ಹೂತು ಮೇಲೆ ಕಲ್ಲು ಹೇರಬೇಕು. ಎಳೆ ಕಾಂಡವನ್ನು ಮೊಲ ಕಡಿಯದಂತೆ ಕೊಳವೆ ತೊಡಿಸಿ. ಹಣ್ಣು ಬಣ್ಣ ತಿರುಗುವ ವಾರವೇ ಹಕ್ಕಿಬಲೆ.

ಇಳಿಜಾರಿನಲ್ಲಿ ಒಬ್ಬರೇ ಕೆಲಸ ಮಾಡಬೇಡಿ. ಮಾಡಲೇಬೇಕಾದರೆ ಕತ್ತಿ, ಹಾರೆ ಹಿಡಿಯುವ ಕೆಲಸ ಬೇಡ, ಕಟ್ಟುವ, ಚಿಗುರು ಚಿವುಟುವ ಕೆಲಸ ಮಾಡಿ. ನನ್ನ ತಮ್ಮ ಒಮ್ಮೆ ಗೋಡೆಯಿಂದ ಜಾರಿದ ಕಲ್ಲಿಗೆ ಪಾದ ಸಿಕ್ಕಿಸಿಕೊಂಡಿದ್ದ. ನಾನು ಕೆಳಗಿನ ಮೆಟ್ಟಿಲಲ್ಲೇ ಇದ್ದೆ. ಸನ್ನೆಕೋಲು ಹಾಕಿ ಎತ್ತಲು ಐದು ನಿಮಿಷ ಸಾಕಾಯಿತು. ಆವತ್ತು ನಾನು ಪೇಟೆಗೆ ಹೋಗಬೇಕಿತ್ತು, ಮಳೆ ಬಂದು ದಾರಿ ಕೆಟ್ಟಿದ್ದರಿಂದ ಹೋಗಿರಲಿಲ್ಲ. ಅಂದಿನಿಂದ ನಮ್ಮ ನಿಯಮ: ಒಬ್ಬರು ಪೇಟೆಗೆ ಹೋದ ದಿನ ಗೋಡೆ ಕೆಲಸ ಬಂದ್.